ಒಂದು ದಿನದ ದೇಗುಲ ಪ್ರವಾಸ: ಒಂದು ವಿಚಾರ

"ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂಬ ಗಾದೆಯನ್ನು ಕೇಳದೆ ಶಾಲೆ ಬಿಟ್ಟವರು ನಮ್ಮಲ್ಲಿ ಯಾರೂ ಇರಲಾರರು. ಕೋಶ ಓದಿಸುವ ಹೊಣೆಯನ್ನು ನಮ್ಮ ಶಾಲೆ ಐವತ್ತು ವರ್ಷಗಳಿಂದ ಹೊತ್ತು ನಡೆಸಿದೆ. ದೇಶ ಸುತ್ತಿಸುವ ಕೆಲಸವೂ ವರ್ಷಕ್ಕೊಮ್ಮೆ ಶೈಕ್ಷಣಿಕ ಪ್ರವಾಸದ ಹೆಸರಿನಲ್ಲಿ ಶಾಲೆಗಳಲ್ಲಿ ನಡೆಯುತ್ತಲೇ ಬಂದಿದೆ. ಆದರೆ ಗಾದೆಯಲ್ಲಿ ಎರಡು ಸಲ ಬರುವ "ನೋಡು" ಎಂಬ ಶಬ್ದಕ್ಕೆ ನಾವು ಎಷ್ಟು ಗಮನ ಕೊಟ್ಟಿದ್ದೇವೆ ಎಂಬುದನ್ನು ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಕೇಳಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ.

ಇಂದಿನ ಒಂದು ದಿನದ ಪ್ರವಾಸದ ಕ್ರಮ ಎಲ್ಲರಿಗೂ ವಿದಿತವೇ ಇದೆ. ನಸುಕಿನಲ್ಲಿ ಬಸ್ಸು ಹೊರಡುತ್ತದೆ. ಏಳೆಂಟು ಸ್ಥಳಗಳ ಪಟ್ಟಿ ಕೈಯಲ್ಲಿರುತ್ತದೆ. ಒಂದೊಂದು ದೇವಾಲಯಕ್ಕೆ ಇಪ್ಪತ್ತು ನಿಮಿಷ. ಅದರಲ್ಲಿ ಚಪ್ಪಲಿ ಬಿಡುವುದಕ್ಕೆ ಐದು, ಸಾಲಿನಲ್ಲಿ ನಿಲ್ಲಲು ಹತ್ತು, ಫೋಟೋ ತೆಗೆಯಲು ಉಳಿದ ಐದು. ಸ್ಥಳದಲ್ಲಿ ಸಿಕ್ಕ ಗೈಡು ತಾನು ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ರಾತ್ರಿ ಮನೆಗೆ ಬಂದ ಮಗುವನ್ನು "ಏನು ನೋಡಿದೆ?" ಎಂದು ತಾಯಿ ಕೇಳಿದರೆ ಊಟದ ವಿಷಯವೂ ಬಸ್ಸಿನಲ್ಲಿ ಹಾಡಿದ ಹಾಡಿನ ವಿಷಯವೂ ನೆನಪಿಗೆ ಬರುತ್ತವೆಯೇ ಹೊರತು ಕಲ್ಲಿನ ವಿಷಯವಲ್ಲ. ಇದು ಮಗುವಿನ ತಪ್ಪಲ್ಲ. ಸ್ಥಳಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಬಲ್ಲವರನ್ನು ಜೊತೆಗೆ ಕರೆದೊಯ್ದು, ಹೊರಡುವ ಮುನ್ನವೇ ಪಾಠ ಮಾಡಿಸಿದರೆ ಅದೇ ಒಂದು ದಿನ ಒಂದು ವರ್ಷದ ಚರಿತ್ರೆಯ ತರಗತಿಗೆ ಸಮನಾದೀತೆಂಬುದು ನನ್ನ ನಮ್ರ ಅಭಿಪ್ರಾಯ.

ಈ ಮಾತು ಎಲ್ಲ ಶಾಲೆಗಳಿಗೂ ಅನ್ವಯಿಸುವುದಾದರೂ ತಾಳಮಲೆಯ ಕನ್ನಡ ಶಾಲೆಗೆ ಹೆಚ್ಚು ಅನ್ವಯಿಸುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ನಮ್ಮೊಡನೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. ನಮ್ಮ ಮಕ್ಕಳು ತಮಿಳುನಾಡಿನ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತಾರೆ. ಚೋಳ, ಪಾಂಡ್ಯ, ಪಲ್ಲವರ ವಿಷಯ ಅವರಿಗೆ ಪಾಠದಿಂದ ತಿಳಿಯುತ್ತದೆ. ಆದರೆ ಮನೆಯಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ಗಂಗರ ರಾಜಧಾನಿಯ ಪರಿಚಯ ಯಾರಾದರೂ ಕೈಹಿಡಿದು ಕರೆದೊಯ್ದರೆ ಮಾತ್ರ ಆಗುತ್ತದೆ. ಗಡಿಯ ಮಗುವಿಗೆ ಪ್ರವಾಸವೆಂಬುದು ಮನರಂಜನೆಗಿಂತ ಹೆಚ್ಚಿನದು. ಅದು ಪಠ್ಯಪುಸ್ತಕದ ಬಿಟ್ಟುಹೋದ ಅಧ್ಯಾಯ.

ಮೊದಲಿಗೆ ಹತ್ತಿರದ ದಾರಿಯನ್ನೇ ನೋಡೋಣ. ತಾಳವಾಡಿಯಿಂದ ಇಳಿದರೆ ಚಾಮರಾಜನಗರ. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರಿಗೆ, ತನ್ನ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂಬ ಕಾರಣಕ್ಕೆ, 1818ರಲ್ಲಿ ಈಗಿನ ಹೆಸರನ್ನಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಚಾಮರಾಜೇಶ್ವರ ದೇವಾಲಯವೂ ಅವರು ಕಟ್ಟಿಸಿದ್ದೇ. ಆಷಾಢದ ತೇರಿಗೆ ಹೊಸ ಮದುವೆಯ ಜೋಡಿಗಳೊಡನೆ ನಮ್ಮ ಮನೆಗಳವರೂ ಹೋಗಿಬರುವುದುಂಟು. ಆದರೆ ಅದೇ ತಾಲ್ಲೂಕಿನ ನರಸಮಂಗಲಕ್ಕೆ ಹೋದವರೆಷ್ಟು ಮಂದಿ? ಅಲ್ಲಿಯ ರಾಮೇಶ್ವರ ದೇವಾಲಯ ಗಂಗರ ಕಾಲದ್ದು, ಸಾವಿರ ವರ್ಷಕ್ಕೂ ಹಿಂದಿನದು. ಅದರ ವಿಮಾನದ ಮೇಲೆ ಗಾರೆಯಲ್ಲಿ ಮಾಡಿದ ಮೂರ್ತಿಗಳಿವೆ. ಸಪ್ತಮಾತೃಕೆಯರ ಶಿಲ್ಪಗಳೂ ಅಲ್ಲಿವೆ. ಕಲ್ಲಿನ ದೇವಾಲಯಗಳನ್ನಷ್ಟೇ ಕಂಡ ಮಗುವಿಗೆ, ಇಟ್ಟಿಗೆ ಗಾರೆಗಳೂ ಇಷ್ಟು ಶತಮಾನ ಬಾಳಬಲ್ಲವೆಂಬುದೇ ಒಂದು ಪಾಠ.

ಎರಡನೆಯದು ತಲಕಾಡು. ಅಲ್ಲಿ ಯಾವ ಗೈಡು ಸಿಕ್ಕರೂ ಮೊದಲು ಹೇಳುವುದು ಅಲಮೇಲಮ್ಮನ ಶಾಪದ ಕಥೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಒಡವೆಗಳಿಗಾಗಿ ಬೆನ್ನಟ್ಟಿ ಬಂದವರನ್ನು ಕಂಡು ಆ ತಾಯಿ ಶಾಪವಿತ್ತು ಮಾಲಂಗಿಯ ಮಡುವಿಗೆ ಹಾರಿದಳೆಂಬುದು ಕಥೆ. ಇದನ್ನು ಮಕ್ಕಳಿಗೆ ಹೇಳಬಾರದೆಂದು ನಾನು ಹೇಳುವುದಿಲ್ಲ. ಅನ್ಯಾಯಕ್ಕೊಳಗಾದ ಹೆಣ್ಣಿನ ಮಾತನ್ನು ನಾಲ್ಕು ಶತಮಾನ ಕಾಪಾಡಿಕೊಂಡು ಬಂದ ಜನರ ನೆನಪು ಸಾಮಾನ್ಯವಾದುದಲ್ಲ. ಆದರೆ ಕಥೆ ಮುಗಿದ ಮೇಲೆ, ಕಾವೇರಿ ಇಲ್ಲಿ ತಿರುಗುವ ಬಗೆಯನ್ನೂ ಬೇಸಿಗೆಯಲ್ಲಿ ತೆರೆದುಕೊಳ್ಳುವ ಮರಳಿನ ಹಾಸನ್ನೂ ಅದನ್ನು ದಡಕ್ಕೆ ಹೊತ್ತು ತರುವ ಗಾಳಿಯನ್ನೂ ತೋರಿಸಬೇಕು. ಮೇಲ್ಭಾಗದ ಮಾಧವಮಂತ್ರಿ ಕಟ್ಟೆಯಿಂದ ಹೊಳೆಯ ಹರಿವು ಬದಲಾದುದೂ ಮರಳು ಹೆಚ್ಚಲು ಕಾರಣವೆಂಬ ವಿದ್ವಾಂಸರ ವಿವರಣೆಯನ್ನೂ ತಿಳಿಸಬೇಕು. ಕಥೆ ಯಾವುದು, ಕಾರಣ ಯಾವುದು ಎಂದು ಬೇರ್ಪಡಿಸಿ, ಎರಡನ್ನೂ ಗೌರವದಿಂದ ಹೇಳಬಲ್ಲವನೇ ನಿಜವಾದ ಮಾರ್ಗದರ್ಶಿ.

ತಲಕಾಡಿನಲ್ಲಿ ನಮ್ಮ ಮಕ್ಕಳಿಗೆಂದೇ ಕಾದಿರುವ ಇನ್ನೊಂದು ಪಾಠವಿದೆ. ಗಂಗರ ಈ ರಾಜಧಾನಿಯನ್ನು 11ನೆಯ ಶತಮಾನದ ಆರಂಭದಲ್ಲಿ ಚೋಳರು ಗೆದ್ದು ರಾಜರಾಜಪುರವೆಂದು ಹೆಸರಿಟ್ಟರು. ಸುಮಾರು ನೂರು ವರ್ಷಗಳ ಬಳಿಕ ಹೊಯ್ಸಳ ವಿಷ್ಣುವರ್ಧನನು ಅದನ್ನು ಮರಳಿ ಗೆದ್ದು, ತಲಕಾಡುಗೊಂಡನೆಂಬ ಬಿರುದು ಧರಿಸಿ, ಕೀರ್ತಿನಾರಾಯಣನ ಪ್ರತಿಷ್ಠೆ ಮಾಡಿದನು. ಆದ್ದರಿಂದ ಆ ಊರಿನಲ್ಲಿ ಕನ್ನಡ ಶಾಸನಗಳೊಂದಿಗೆ ತಮಿಳು ಶಾಸನಗಳೂ ಇವೆ. ತಮಿಳುನಾಡಿನ 2006ರ ಕಾಯ್ದೆಯ ಅನಂತರ ತಮಿಳಿನ ಕಲಿಕೆ ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೂ ಬಂದಿದೆ. ಅದರ ಸಾಧಕಬಾಧಕಗಳ ಚರ್ಚೆ ಬೇರೆ. ಕನ್ನಡಕ್ಕೆ ಸಿಗಬೇಕಾದ ಸ್ಥಾನ ಸಿಗಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎರಡು ಲಿಪಿ ಬಲ್ಲ ಮಗುವೊಂದು ತಲಕಾಡಿನ ಗೋಡೆಯ ಮುಂದೆ ನಿಂತಾಗ, ಮೈಸೂರಿನ ಮಗುವಿಗೂ ಈರೋಡಿನ ಮಗುವಿಗೂ ಇಲ್ಲದ ಅನುಕೂಲ ಅದಕ್ಕಿದೆ. ಹಳೆಯ ಅಕ್ಷರಗಳು ಇಂದಿನಂತಿಲ್ಲ, ನಿಜ. ನಾಲ್ಕು ದಿನ ಅಭ್ಯಾಸ ಮಾಡಿಸಿದರೆ ಹತ್ತು ಅಕ್ಷರಗಳನ್ನಾದರೂ ಗುರುತಿಸಬಲ್ಲರು. ನಮ್ಮ ಕೊರತೆಯೆಂದು ನಾವು ಅಳುಕುವ ಗಡಿಯ ಬದುಕು ಅಲ್ಲಿ ಸಂಪತ್ತಾಗುತ್ತದೆ.

ಗೆದ್ದವರು ಕೆಡವಿದರು, ಸೋತವರು ಅತ್ತರು ಎಂದಷ್ಟೇ ಚರಿತ್ರೆಯನ್ನು ಹೇಳುವ ಮಾರ್ಗದರ್ಶಿಗಳು ಈಗ ಹೆಚ್ಚಾಗಿದ್ದಾರೆ. ಅವರಿಗೆ ಕಂಚಿಯ ಕೈಲಾಸನಾಥ ದೇವಾಲಯದ ಕನ್ನಡ ಶಾಸನವನ್ನು ನೆನಪಿಸಬೇಕು. 8ನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದಾಗ, ಆ ದೇವಾಲಯದ ಸಂಪತ್ತನ್ನು ಕಂಡು ದೇವರಿಗೇ ಮರಳಿ ಒಪ್ಪಿಸಿದನೆಂದು ಆ ಶಾಸನ ತಿಳಿಸುತ್ತದೆ. ಆತನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಕಂಚಿಯ ಶಿಲ್ಪದ ಹೋಲಿಕೆಯನ್ನು ಬಲ್ಲವರು ಗುರುತಿಸುತ್ತಾರೆ. ಕಾವೇರಿಯ ಗದ್ದಲವೆದ್ದಾಗಲೆಲ್ಲ ಗಡಿಯಲ್ಲಿ ಬಸ್ಸು ನಿಂತು, ಎರಡೂ ಕಡೆಯ ಮಾತು ಕೇಳಬೇಕಾಗುವ ನಮ್ಮಂಥವರಿಗೆ ಈ ಸಂಗತಿ ತಿಳಿದಿರಬೇಕು. ನಮ್ಮ ಬೆಟ್ಟದ ಹಳ್ಳಗಳ ನೀರೂ ಸುವರ್ಣಾವತಿಯಾಗಿ ಕರ್ನಾಟಕದಲ್ಲಿ ಹರಿದು, ಕಾವೇರಿಯನ್ನು ಸೇರಿ, ತಮಿಳುನಾಡಿಗೇ ಮರಳುತ್ತದೆಯಲ್ಲವೆ?

ಮೂರನೆಯದು ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮಕ್ಕಳಿಗೆ ತೋರಿಸಬೇಕಾದುದು ವಿಗ್ರಹಗಳ ಪಾದದ ಬಳಿ ಕನ್ನಡ ಅಕ್ಷರಗಳಲ್ಲಿ ಕೊರೆದ ಹೆಸರುಗಳನ್ನು. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ ಮೊದಲಾದ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ರುಜು ಹಾಕಿದ್ದಾರೆ. ಅರಸನ ಹೆಸರನ್ನು ಪರೀಕ್ಷೆಗಾಗಿ ಕಲಿತ ಮಗು, ಉಳಿ ಹಿಡಿದವನ ಹೆಸರನ್ನು ತಾನೇ ಓದಿ ಕಂಡುಕೊಂಡರೆ ಅದನ್ನು ಎಂದಿಗೂ ಮರೆಯದು. ಕೂಲಿ ಮಾಡುವ ತಂದೆತಾಯಿಯರ ಮಕ್ಕಳು ಬಹಳವಿರುವ ನಮ್ಮ ಶಾಲೆಗೆ ಈ ಪಾಠದ ಬೆಲೆ ಹೆಚ್ಚು.

ಇನ್ನು ಬೌದ್ಧ ನೆಲೆಗಳ ಮಾತು. ಬುದ್ಧನೆಂದರೆ ಬಿಹಾರದವನು, ಬೌದ್ಧ ಗುಹೆಯೆಂದರೆ ಅಜಂತ ಎಂಬಲ್ಲಿಗೆ ನಮ್ಮ ತಿಳಿವಳಿಕೆ ನಿಲ್ಲುತ್ತದೆ. ಆದರೆ ಐಹೊಳೆಯ ಮೇಗುತಿ ಬೆಟ್ಟದಲ್ಲಿ ಎರಡು ಅಂತಸ್ತಿನ ಬೌದ್ಧ ಮಂದಿರವಿದೆ. ಅದರ ಮೇಲೆಯೇ 634ರ ರವಿಕೀರ್ತಿಯ ಶಾಸನವುಳ್ಳ ಜಿನಾಲಯವಿದೆ. ಡಂಬಳದ 1095ರ ಶಾಸನ ವರ್ತಕರು ಕಟ್ಟಿಸಿದ ಬೌದ್ಧ ವಿಹಾರವನ್ನು ಹೆಸರಿಸುತ್ತದೆ. ಮಂಗಳೂರಿನ ಕದ್ರಿಯ ಮಂಜುನಾಥ ದೇವಾಲಯದಲ್ಲಿ 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಇದೆ. ಎಲ್ಲಕ್ಕಿಂತ ಬೋಧಪ್ರದವಾದುದು ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಬೆಳಕಿಗೆ ಬಂದಿತು. ಅದರಲ್ಲಿ ಅಶೋಕನ 12ನೆಯ ಶಾಸನವೂ ಒಂದು. ಇತರ ಪಂಥಗಳನ್ನು ಗೌರವಿಸಬೇಕು, ತನ್ನ ಪಂಥವನ್ನು ಹೊಗಳಿಕೊಂಡು ಪರರದನ್ನು ಹಳಿಯಬಾರದು ಎಂಬುದೇ ಅದರ ಸಾರ. ಅಷ್ಟು ಶತಮಾನ ತಾಯಿಯ ಪಾದದ ಕೆಳಗೆ ಆ ಮಾತು ಕಾದು ಕುಳಿತಿತ್ತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಶಿಲ್ಪವೂ ದೊರೆತಿದೆ.

ಇವೆಲ್ಲ ನಮಗೆ ಒಂದು ದಿನದ ದಾರಿಯಲ್ಲ. ಆದರೆ ಬಾಳುತ್ತಿರುವ ಬೌದ್ಧ ಮಠವೊಂದು ನಮ್ಮ ನೆರೆಯಲ್ಲೇ ಇದೆ. ಹಾಸನೂರಿನಿಂದ ಕೊಳ್ಳೇಗಾಲದ ಕಡೆಗೆ ಹೋಗುವ ಕಾಡುದಾರಿಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ನೆಲ ಕಳೆದುಕೊಂಡ ಜನ ತಮ್ಮ ಭಾಷೆ, ಲಿಪಿ, ಧರ್ಮಗಳನ್ನು ಪರನಾಡಿನ ಬೆಟ್ಟದಲ್ಲಿ ಉಳಿಸಿಕೊಂಡ ಬಗೆಯನ್ನು ನೋಡಲು ಅದಕ್ಕಿಂತ ತಕ್ಕ ಸ್ಥಳವಿಲ್ಲ. ಭಾಷೆ ಉಳಿಸುವ ಕಷ್ಟ ಬಲ್ಲ ಕನ್ನಡ ಶಾಲೆಯ ಮಕ್ಕಳು ಅಲ್ಲಿಗೆ ಅತಿಥಿಗಳಾಗಿ ಹೋಗಿ, ಸನ್ನತಿಯ ಕಥೆಯನ್ನು ಅಲ್ಲಿ ಕುಳಿತು ಕೇಳಲಿ. ಪುರಾತನವಾದುದು ಸತ್ತಿಲ್ಲವೆಂಬುದು ಆಗ ಅವರಿಗೆ ತಿಳಿಯುತ್ತದೆ.

ದೇವರ ದರ್ಶನಕ್ಕೆ ಹೋದವರಿಗೆ ಇಷ್ಟೆಲ್ಲ ವಿಚಾರವೇಕೆ, ಭಕ್ತಿ ಸಾಲದೆ ಎಂದು ಕೆಲವು ಹಿರಿಯರು ಕೇಳಬಹುದು. ಭಕ್ತಿಗೆ ತಿಳಿವಳಿಕೆ ಎಂದೂ ಶತ್ರುವಲ್ಲ. ತಿಳಿಯದ ಭಕ್ತಿಯೇ ಹಳೆಯ ಶಿಲ್ಪಕ್ಕೆ ಎಣ್ಣೆ ಸುರಿಯುತ್ತದೆ, ಶಾಸನದ ಮೇಲೆ ಸುಣ್ಣ ಬಳಿಯುತ್ತದೆ. ಖರ್ಚಿನ ಪ್ರಶ್ನೆ ಎತ್ತುವವರಿಗೆ ಉತ್ತರ ಸುಲಭ: ಮೂರು ಸ್ಥಳಗಳ ಪ್ರವಾಸಕ್ಕೆ ಎಂಟು ಸ್ಥಳಗಳದ್ದಕ್ಕಿಂತ ಡೀಸೆಲ್ ಕಡಿಮೆ ಸಾಕು. ತಮಿಳುನಾಡಿನ ಶಾಲೆ ಕರ್ನಾಟಕಕ್ಕೇ ಏಕೆ ಹೋಗಬೇಕೆಂಬ ಮಾತೂ ನ್ಯಾಯವೇ. ಒಂದು ವರ್ಷ ತಲಕಾಡಿಗೆ ಹೋದರೆ ಮರುವರ್ಷ ದಿಂಬಂ ಘಟ್ಟ ಇಳಿದು ಭವಾನಿಯ ಸಂಗಮೇಶ್ವರನನ್ನೂ ವಿಜಯಮಂಗಲದ ಪ್ರಾಚೀನ ಜೈನ ದೇಗುಲವನ್ನೂ ನೋಡಿಬರಲಿ. ನಮ್ಮದೇ ಜಿಲ್ಲೆಯ ಆ ಸ್ಥಳಗಳೂ ನಮ್ಮವೇ.

ಮಾರ್ಗದರ್ಶಿ ಯಾರಾಗಬೇಕು? ಪಟ್ಟಣದಿಂದ ಬರುವ ಸಂಬಳದ ಗೈಡೇ ಆಗಬೇಕಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಚರಿತ್ರೆ ಓದಿದವರಿದ್ದಾರೆ, ಅಧ್ಯಾಪಕರಾದವರಿದ್ದಾರೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಸೋಲಿಗ ಹಿರಿಯರೊಬ್ಬರನ್ನು ಕರೆದುಕೊಳ್ಳಬೇಕು. ರಂಗನಾಥ ತಮ್ಮ ಕುಲದ ಹೆಣ್ಣನ್ನು ವರಿಸಿದನೆಂದು ಅವನನ್ನು "ರಂಗಭಾವ" ಎಂದು ಕರೆಯುವವರು ಹೇಳಬೇಕಾದ ಕಥೆಯನ್ನು ಬೇರೆಯವರು ಹೇಳುವುದು ಸಲ್ಲದು. ನಮ್ಮ ಶಾಲೆಯ ಸೋಲಿಗರ ಮಕ್ಕಳು ಅಂದು ತಲೆ ಎತ್ತಿ ನಡೆಯುತ್ತಾರೆ. ಅಂತೆಯೇ, ಯಾವ ಗುಡಿಯಲ್ಲಾದರೂ ನಮ್ಮ ಮಕ್ಕಳಲ್ಲಿ ಒಬ್ಬರನ್ನು ಹೊರಗೆ ನಿಲ್ಲಿಸುವ ಸಂದರ್ಭ ಬಂದರೆ ಇಡೀ ತರಗತಿ ಹೊರಗೇ ನಿಲ್ಲಬೇಕು. ಇದು ಪ್ರವಾಸದ ಮೊದಲ ನಿಯಮವಾಗಲಿ.

ಉಳಿದ ನಿಯಮಗಳು ಸರಳ. ಹೊರಡುವ ಮುನ್ನ ಒಂದು ವಾರ ಆ ಸ್ಥಳಗಳ ಪಾಠ ನಡೆಯಲಿ. ಪ್ರತಿಯೊಬ್ಬರ ಕೈಯಲ್ಲಿ ನೋಟುಪುಸ್ತಕವಿರಲಿ; ಶಾಸನದ ಒಂದು ಸಾಲನ್ನಾದರೂ ಕಂಡಂತೆ ಬರೆದುಕೊಳ್ಳಲಿ. ಒಂದೊಂದು ಸ್ಥಳದಲ್ಲಿ ಒಂದೂವರೆ ಗಂಟೆ ಕಳೆಯಲಿ. ಅದರಲ್ಲಿ ಅರ್ಧ ಗಂಟೆ ಯಾರೂ ಮಾತನಾಡದೆ ನೋಡುವುದಕ್ಕೆ ಮೀಸಲಾಗಲಿ. ಆನೆಗಳ ದಾರಿಯಲ್ಲಿ ಮರಳಬೇಕಾದ ನಾವು ಹೊತ್ತು ಮುಳುಗುವ ಮೊದಲೇ ಊರು ಸೇರಬೇಕು. ಆದ್ದರಿಂದಲೂ ಮೂರಕ್ಕಿಂತ ಹೆಚ್ಚು ಸ್ಥಳ ಬೇಡ.

ಸುವರ್ಣ ಮಹೋತ್ಸವದ ಲೆಕ್ಕದಲ್ಲಿ ಹಣವೇನಾದರೂ ಉಳಿದರೆ, ಅದನ್ನು ಮತ್ತೊಂದು ಕಮಾನು ಕಟ್ಟಲು ಬಳಸದೆ ವರ್ಷಕ್ಕೊಂದು ಬಸ್ಸಿನ ಬಾಡಿಗೆಗೆ ನಿಧಿಯಾಗಿ ಇರಿಸಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿಯೂ ಪೋಷಕರಲ್ಲಿಯೂ ವಿನಂತಿಸುತ್ತೇನೆ. ಕನ್ನಡ ಶಾಲೆಗೆ ಮಕ್ಕಳನ್ನು ಏಕೆ ಕಳುಹಿಸಬೇಕೆಂದು ಕೇಳುವ ತಂದೆತಾಯಿಯರು ಇಂದು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಸಾವಿರ ವರ್ಷದ ಹಿಂದೆ ಯಾರೋ ಕಲ್ಲಿನಲ್ಲಿ ಬರೆದಿಟ್ಟ ಮಾತನ್ನು ನಮ್ಮ ಮಗು ಬೆರಳಿಟ್ಟು ಓದಬಲ್ಲದು ಎಂಬುದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.