ಹಾಜರಾತಿ ಕೊರತೆಗೆ ಪರೀಕ್ಷೆ ನಿರಾಕರಿಸುವುದು ಸರಿಯೇ?

ನಿಗದಿತ ಹಾಜರಾತಿ ಇಲ್ಲದ ವಿದ್ಯಾರ್ಥಿಗಳ ಹಾಲ್ ಟಿಕೆಟ್ ತಡೆಹಿಡಿಯುವ ಪದ್ಧತಿಯ ಕುರಿತ ವಾಗ್ವಾದವು ದೆಹಲಿ ಹೈಕೋರ್ಟ್ 2025ರ ನವೆಂಬರ್ 3ರಂದು ನೀಡಿದ ತೀರ್ಪಿನೊಂದಿಗೆ ಮತ್ತೆ ಕಾವೇರಿದೆ.

ಪರ: ನಿಯಮವಿಲ್ಲದೆ ತರಗತಿ ಉಳಿಯದು

ಮೊದಲನೆಯದಾಗಿ, ನಿಯತ ಪದವಿ ಮತ್ತು ದೂರಶಿಕ್ಷಣದ ಪದವಿ ಬೇರೆ ಬೇರೆ ವ್ಯವಸ್ಥೆಗಳಾಗಿದ್ದು, ತರಗತಿಗೆ ಬರಲಾಗದವರಿಗಾಗಿಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಂತಹ ಸಂಸ್ಥೆಗಳಿವೆ. ನಿಯತ ಕಾಲೇಜಿಗೆ ಪ್ರವೇಶ ಪಡೆಯುವಾಗಲೇ ವಿದ್ಯಾರ್ಥಿ ಹಾಜರಾತಿಯ ಷರತ್ತನ್ನು ಒಪ್ಪಿಕೊಂಡಿರುತ್ತಾನೆ.

ಎರಡನೆಯದಾಗಿ, ವೃತ್ತಿಶಿಕ್ಷಣದಲ್ಲಿ ಕಲಿಕೆ ಪುಸ್ತಕದಿಂದಷ್ಟೇ ಆಗುವುದಿಲ್ಲ. ವೈದ್ಯಕೀಯ ಕೋರ್ಸಿನಲ್ಲಿ ಸಿದ್ಧಾಂತ ತರಗತಿಗಳಿಗೆ ಶೇ 75, ಪ್ರಾಯೋಗಿಕ ತರಗತಿಗಳಿಗೆ ಶೇ 80 ಹಾಜರಾತಿ ಬೇಕು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಪ್ರತಿ ವಿಷಯಕ್ಕೂ ಶೇ 70 ಎಂದು ನಿಗದಿಪಡಿಸಿವೆ. ರೋಗಿಯನ್ನು ಮುಟ್ಟಿ ಪರೀಕ್ಷಿಸದವರಿಗೆ ವೈದ್ಯ ಪದವಿ ಕೊಡಲಾಗದು.

ಮೂರನೆಯದಾಗಿ, ನಿಯಮ ಹೇಳುವಷ್ಟು ಕಠಿಣವಾಗಿ ಅದು ಜಾರಿಯಾಗುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಶೇ 85ರಷ್ಟು ಹಾಜರಾತಿ ಕೇಳಿದರೂ, ಸೂಕ್ತ ಕಾರಣಗಳಿದ್ದಾಗ ಶೇ 10ರವರೆಗಿನ ಕೊರತೆಯನ್ನು ಮನ್ನಾ ಮಾಡುವ, ಅಂದರೆ ಕಂಡೋನೇಷನ್ ನೀಡುವ, ಅವಕಾಶವನ್ನು ಇಟ್ಟುಕೊಂಡಿದೆ. ಹೆರಿಗೆಯ ಕಾರಣಕ್ಕೆ ವಿದ್ಯಾರ್ಥಿನಿಯರಿಗೆ ರಿಯಾಯಿತಿ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲೇ ತಿಳಿಸಿದೆ.

ನಾಲ್ಕನೆಯದಾಗಿ, ದಿನವೂ ಬರುವ ವಿದ್ಯಾರ್ಥಿಗೂ ಪರೀಕ್ಷೆಯ ದಿನ ಮಾತ್ರ ಕಾಣಿಸಿಕೊಳ್ಳುವ ವಿದ್ಯಾರ್ಥಿಗೂ ವ್ಯತ್ಯಾಸವೇ ಇಲ್ಲದಿದ್ದರೆ, ಬರುವವರೂ ಕ್ರಮೇಣ ಕೋಚಿಂಗ್ ಕೇಂದ್ರಗಳತ್ತ ಹೊರಳುತ್ತಾರೆ. ಹಾಜರಿ ಪುಸ್ತಕ ಕಲಿಕೆಯನ್ನು ಅಳೆಯುವುದಿಲ್ಲ, ಪ್ರಾಕ್ಸಿ ಹಾಜರಿಯನ್ನು ಪೂರ್ಣವಾಗಿ ತಡೆಯಲೂ ಆಗಿಲ್ಲ ಎಂಬುದು ನಿಜ. ಕೊರತೆಯ ಪಟ್ಟಿ ಪರೀಕ್ಷೆಗೆ ವಾರವಿರುವಾಗ ಸೂಚನಾ ಫಲಕಕ್ಕೆ ಬರುವುದು, ಮನ್ನಾ ಸಿಗುವುದು ಬಹುಮಟ್ಟಿಗೆ ಪ್ರಾಂಶುಪಾಲರ ಮರ್ಜಿಯನ್ನು ಅವಲಂಬಿಸಿರುವುದು ಸಹ ಅಲ್ಲಗಳೆಯಲಾಗದ ಲೋಪಗಳೇ. ಆದರೂ ನಿಯಮದ ಜಾರಿಯಲ್ಲಿರುವ ದೋಷವನ್ನು ತಿದ್ದಬೇಕೇ ಹೊರತು ನಿಯಮವನ್ನೇ ಕೈಬಿಡಬಾರದು.

ವಿರೋಧ: ಒಂದೇ ಕಡೆಗೆ ಬಿಗಿದ ಕಟ್ಟಳೆ

ತರಗತಿಗೆ ಬರಬೇಕೆಂದು ಹೇಳುವುದಕ್ಕೆ ಯಾರ ತಕರಾರೂ ಇಲ್ಲದಿರುವಾಗ, ಬಾರದವರ ಒಂದಿಡೀ ಸೆಮಿಸ್ಟರನ್ನು, ಕೆಲವೊಮ್ಮೆ ವರ್ಷವನ್ನೇ, ಕಸಿದುಕೊಳ್ಳುವುದು ಯಾವ ನ್ಯಾಯ ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ವಾರಕ್ಕೆ ನಾಲ್ಕು ಪಾಠಗಳಿರುವ ವಿಷಯಕ್ಕೆ 16 ವಾರಗಳಲ್ಲಿ 64 ತರಗತಿಗಳಾಗುತ್ತವೆ. ಶೇ 75ರ ಲೆಕ್ಕದಲ್ಲಿ 48 ತರಗತಿಗಳಿಗೆ ಬಂದವಳು ಅರ್ಹಳು, 47ಕ್ಕೆ ಬಂದವಳು ಅನರ್ಹಳು. ಊರಿಗೆ ಬೆಳಿಗ್ಗೆ ಬರುವ ಒಂದೇ ಬಸ್ಸು ತುಂಬಿಕೊಂಡು ನಿಲ್ಲಿಸದೆ ಹೋದದ್ದಕ್ಕೆ ಆ ಒಂದು ತರಗತಿ ತಪ್ಪಿತೋ, ಕಾಫಿ ಕುಯ್ಲಿನ ದಿನಗಳಲ್ಲಿ ಕೂಲಿಗೆ ಹೋದ ತಾಯಿಯ ಬದಲು ಅವಳು ತಮ್ಮನನ್ನು ನೋಡಿಕೊಳ್ಳಬೇಕಾಯಿತೋ ಎಂಬುದನ್ನು ಹಾಜರಿ ಪುಸ್ತಕ ಕೇಳುವುದೇ ಇಲ್ಲ.

ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ ಈ ಕಟ್ಟಳೆ ವಿದ್ಯಾರ್ಥಿಯನ್ನು ಮಾತ್ರ ಬಿಗಿಯುತ್ತದೆ. ಅನುದಾನ ಆಯೋಗದ ನಿಯಮದಂತೆ ವರ್ಷಕ್ಕೆ ಕನಿಷ್ಠ 180 ಬೋಧನಾ ದಿನಗಳು ನಡೆಯಬೇಕು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ಬಹುಭಾಗ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲಿದ್ದು, ಅವರ ನೇಮಕ ತಡವಾದಾಗಲೆಲ್ಲ ವೇಳಾಪಟ್ಟಿಯಲ್ಲಿರುವ ತರಗತಿಗಳು ನಡೆಯದೆ ಉಳಿಯುತ್ತವೆ. ಸೇವೆ ಕಾಯಂ ಮಾಡಬೇಕೆಂದು 2023ರ ಕೊನೆಯಲ್ಲಿ ಅವರು ಮುಷ್ಕರ ಹೂಡಿದಾಗ ವಾರಗಟ್ಟಲೆ ಪಾಠ ನಿಂತಿತು. ಹೀಗೆ ಪಾಠ ನಡೆಯದ ದಿನಗಳಿಗಾಗಿ ಯಾವ ಕಾಲೇಜೂ, ಯಾವ ಇಲಾಖೆಯೂ ದಂಡ ತೆತ್ತದ್ದಿಲ್ಲ. ಕಲಿಸುವ ಹೊಣೆಯನ್ನು ತಾನು ಪೂರೈಸದ ವ್ಯವಸ್ಥೆಯು ಕಲಿಯುವವರ ಗೈರುಹಾಜರಿಯನ್ನು ಮಾತ್ರ ಎಣಿಸಿ ಶಿಕ್ಷಿಸುವುದು ಶಿಸ್ತು ಎನಿಸಿಕೊಳ್ಳುವುದಿಲ್ಲ, ಅದು ಬಲಪ್ರಯೋಗ.

ಮನ್ನಾ ಇದೆಯಲ್ಲ ಎಂಬ ಸಮಾಧಾನವೂ ಟೊಳ್ಳು. ಕೇಳಿ ಪಡೆಯಬೇಕಾದದ್ದು, ಕೊಡುವವರ ಮನಸ್ಸನ್ನು ಅವಲಂಬಿಸಿದ್ದು ಕೃಪೆಯೇ ಹೊರತು ಹಕ್ಕಲ್ಲ. 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳಂತೆ ಕಾಲೇಜಿನ ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದರ ಮೇಲೆ ಓಂಬುಡ್ಸ್‌ಪರ್ಸನ್ ಎಂಬ ಸ್ವತಂತ್ರ ಮೇಲ್ಮನವಿ ಅಧಿಕಾರಿಯ ಬಳಿಗೆ ಹೋಗಬಹುದು. ಆದರೆ ಪರೀಕ್ಷೆಗೆ ವಾರವಿರುವಾಗ ಹೆಸರು ಪಟ್ಟಿಗೆ ಬಂದರೆ, ವರದಿ ಸಿದ್ಧವಾಗುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ.

ದೆಹಲಿ ಹೈಕೋರ್ಟ್‌ನ ತೀರ್ಪಿನ ಹಿಂದೆ, ಹಾಜರಾತಿ ಕೊರತೆಯಿಂದ ಪರೀಕ್ಷೆಗೆ ಕೂರಲಾಗದೆ 2016ರಲ್ಲಿ ಪ್ರಾಣ ಕಳೆದುಕೊಂಡ ಕಾನೂನು ವಿದ್ಯಾರ್ಥಿಯೊಬ್ಬನ ಪ್ರಕರಣವಿದೆ. ಕಾನೂನು ವಿದ್ಯಾರ್ಥಿಗಳನ್ನು ಹಾಜರಾತಿಯ ಕಾರಣಕ್ಕೆ ಪರೀಕ್ಷೆಯಿಂದ ತಡೆಯಬಾರದು, ವಾರವಾರವೂ ಹಾಜರಾತಿಯ ಮಾಹಿತಿ ಕೊಡಬೇಕು, ಕೊರತೆ ಇರುವವರಿಗೆ ಹೆಚ್ಚುವರಿ ತರಗತಿ ನಡೆಸಬೇಕು, ಅಷ್ಟರ ಮೇಲೂ ಕೊರತೆ ಉಳಿದರೆ ಅಂತಿಮ ಫಲಿತಾಂಶದಲ್ಲಿ ಹೆಚ್ಚೆಂದರೆ ಶೇ 5ರಷ್ಟು ಕಡಿತ ಮಾಡಬಹುದು ಎಂದು ಅದು ಹೇಳಿತು. ತೀರ್ಪು ಕಾನೂನು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೂ, ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಇರಬೇಕೆಂಬ ತತ್ವ ಬಿ.ಎ. ಓದುವವರಿಗೂ ಬಿ.ಕಾಂ. ಓದುವವರಿಗೂ ಒಂದೇ.

ತರಗತಿಗಳು ಖಾಲಿಯಾಗುತ್ತವೆ ಎಂಬ ಭಯಕ್ಕೆ ಉತ್ತರ ಹೇಳುವ ಅಗತ್ಯವೇ ಇಲ್ಲ, ಏಕೆಂದರೆ ಹಾಲ್ ಟಿಕೆಟ್ಟಿನ ಹೆದರಿಕೆಯಿಂದ ಮಾತ್ರ ತುಂಬುವ ತರಗತಿಯಲ್ಲಿ ಉಳಿಸಿಕೊಳ್ಳುವಂಥದ್ದೇನೂ ಇಲ್ಲ. ‘ಸ್ವಯಂ’ ಆನ್‌ಲೈನ್ ವೇದಿಕೆಯ ಮೂಲಕ ಶೇ 40ರವರೆಗಿನ ಕ್ರೆಡಿಟ್ಟುಗಳನ್ನು, ಅಂದರೆ ಪದವಿಗೆ ಬೇಕಾದ ಕಲಿಕೆಯ ಅಂಕಮಾನಗಳನ್ನು, ಗಳಿಸಬಹುದೆಂದು ಅನುದಾನ ಆಯೋಗವೇ ಒಪ್ಪಿರುವಾಗ ಕಲಿಕೆ ಬೆಂಚಿನ ಮೇಲೆಯೇ ಆಗಬೇಕೆಂಬ ಹಟ ನಿಲ್ಲುವುದಿಲ್ಲ. ಪ್ರಯೋಗಾಲಯ, ಆಸ್ಪತ್ರೆಯ ವಾರ್ಡುಗಳ ಮಾತು ಬೇರೆ. ಅಲ್ಲಿ ಹಾಜರಿ ಕಡ್ಡಾಯವಾಗಿಯೇ ಇರಲಿ.

ಉಳಿದೆಡೆಯಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳು ಮುಂದಿನ ಸೆಮಿಸ್ಟರ್ ಆರಂಭವಾಗುವ ಮೊದಲೇ ಹಾಲ್ ಟಿಕೆಟ್ ತಡೆಯುವ ನಿಯಮವನ್ನು ರದ್ದುಪಡಿಸಿ, ವಾರದ ಮಾಹಿತಿ, ಹೆಚ್ಚುವರಿ ತರಗತಿ ಮತ್ತು ಮಿತವಾದ ಅಂಕ ಕಡಿತದ ವ್ಯವಸ್ಥೆಯನ್ನು ಜಾರಿಗೆ ತರಬೇಕು. ನಡೆಯದ ತರಗತಿಗಳ ಲೆಕ್ಕವನ್ನೂ ಅದೇ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.