ಹಾಡಿಗೂ ಲೈಸೆನ್ಸೇ?



ಮಾಧವರಂ ಕಡೆಯ ಸಭೆಗಳಲ್ಲಿಯೂ ತೋಟದ ಲೈನುಗಳ ಪ್ರಾರ್ಥನಾ ಕೂಟಗಳಲ್ಲಿಯೂ ಒಂದು ಅಂಜಿಕೆ ಹಬ್ಬಿದೆ. ಹೊಸ ಹಾಡುಗಳನ್ನು ಆರಾಧನೆಯಲ್ಲಿ ಹಾಡಬೇಕಾದರೆ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಂತೆ, ಇಲ್ಲವಾದರೆ ಹಾರ್ಮೋನಿಯಂ ಎತ್ತಿಕೊಂಡು ಹೋಗುತ್ತಾರಂತೆ! ಬಟವಾಡೆಯ ದಿನ ಅಂಗಡಿಯ ಸಾಲ ತೀರಿಸಿ, ಉಳಿದದ್ದರಲ್ಲಿ ಕಾಣಿಕೆ ಹಾಕುವ ಜನರು ನಾವು. ಇದನ್ನು ಕೇಳಿ ಕೆಲವರು ತಾಳ ಕೆಳಗಿಟ್ಟರೆಂದು ತಿಳಿದು ನಮಗೆ ವ್ಯಥೆಯಾಯಿತು.

ಅಂಜಬೇಕಾಗಿಲ್ಲ. ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡುವುದೂ ನುಡಿಸುವುದೂ ಹಕ್ಕಿನ ಉಲ್ಲಂಘನೆಯಲ್ಲವೆಂದು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಹೇಳುತ್ತದೆ. ಮದುವೆಯ ಮೆರವಣಿಗೆಯೂ ಅದರಲ್ಲಿ ಸೇರಿದೆ. (ದೊಡ್ಡ ಹೋಟೆಲುಗಳ ಮದುವೆ ಸಂಗೀತದ ಬಗ್ಗೆ ಕೋರ್ಟುಗಳಲ್ಲಿ ಜಗಳ ನಡೆದಿದೆ, ಅದು ನಮ್ಮ ತಲೆನೋವಲ್ಲ.)

ಹಳೆಯ ಕೀರ್ತನೆಗಳಿಗಂತೂ ಯಾವ ತಡೆಯೂ ಇಲ್ಲ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಆದೋನಿ ಸೀಮೆಯಲ್ಲಿ ಕನ್ನಡದ್ದೂ ತೆಲುಗಿನದೂ ಒಂದೇ ಬಾಯಲ್ಲಿ ಬರುತ್ತವೆ. ಬರೆದವರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಹಕ್ಕು ಇರುತ್ತದೆ. ತೆಲುಗಿನ ಪುರುಷೋತ್ತಮ ಚೌಧರಿಯವರು ತೀರಿಕೊಂಡದ್ದು 1890ರಲ್ಲಿ, ನಮ್ಮ ಕಿಟ್ಟೆಲರು 1903ರಲ್ಲಿ.

ಆದರೆ ಹಾಡುವುದು ಬೇರೆ, ಅಚ್ಚು ಹಾಕುವುದು ಬೇರೆ. ಈಗ ಬದುಕಿರುವವರ ಹಾಡುಗಳನ್ನು ಕೇಳದೆ ಜೆರಾಕ್ಸ್ ಮಾಡಿಸಿ, ಪುಸ್ತಕ ಕಟ್ಟಿ ಮಾರುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ದೇವರ ಕೆಲಸವಲ್ಲವೇ ಎನ್ನುತ್ತಾರೆ. ಅಮೆರಿಕದ ಚಿಕಾಗೋದಲ್ಲಿ ಹಾಡುಪುಸ್ತಕಗಳ ಇಂಥ ನಕಲಿಗಾಗಿಯೇ 1976ರಲ್ಲಿ ಒಂದು ಪ್ರಕಾಶನ ಸಂಸ್ಥೆ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯದ ಮೇಲೆಯೇ ದಾವೆ ಹೂಡಿತು. ಆರಾಧನೆ ಮುಗಿದ ಮೇಲೆ ಆ ಹಾಡನ್ನು ಯೂಟ್ಯೂಬಿಗೆ ಹಾಕುವುದಾದರೂ ಮೊದಲು ಬರೆದವರನ್ನು ಕೇಳುವುದೇ ಸರಿ.

ಕಾಯಿದೆಯ ಮಾತು ಹಾಗಿರಲಿ. ಕೊಯ್ದ ಹಣ್ಣಿನ ತೂಕವನ್ನು ಎರಡು ಕಿಲೋ ಕಡಿಮೆ ಬರೆದರೆ ನಮ್ಮ ಅಕ್ಕಂದಿರು ಮೇಸ್ತ್ರಿಯ ಮುಂದೆ ನಿಂತು ಕೇಳುತ್ತಾರೆ, ಕೇಳಲೇಬೇಕು. ಹಾಡು ಕಟ್ಟಿದ ಉಪದೇಶಿಯೊಬ್ಬರು ತಮ್ಮ ಹಾಡು ಬೇರೊಬ್ಬರ ಹೆಸರಿನಲ್ಲಿ ಇಪ್ಪತ್ತು ರೂಪಾಯಿಗೆ ಮಾರಾಟವಾಗುವುದನ್ನು ಕಂಡಾಗ ಯಾರ ಮುಂದೆ ನಿಲ್ಲಬೇಕು? ಅದೂ ಬೆವರಿನ ಕೂಲಿಯೇ. ಹಣ ಕೊಡಲು ನಮ್ಮಿಂದ ಆಗದಿರಬಹುದು. ಒಂದು ಕಾರ್ಡು ಬರೆದು ಅಪ್ಪಣೆ ಕೇಳಲು, ಹಾಡಿನ ಕೆಳಗೆ ಹೆಸರು ಹಾಕಲು ಏನು ಖರ್ಚು? ಕೇಳಿದರೆ ಬೇಡವೆನ್ನುವವರು ಕಡಿಮೆ.

ಈ ಪತ್ರಿಕೆಯಲ್ಲಿಯೂ ಬರೆದವರ ಹೆಸರಿಲ್ಲದೆ ಹಾಡುಗಳು ಅಚ್ಚಾಗಿವೆ. ಅದು ನಮ್ಮ ತಪ್ಪು. ಬರುವ ಕ್ರಿಸ್ಮಸ್ ಹಾಡುಪುಸ್ತಕಕ್ಕೆ ಹಾಡು ಕಳುಹಿಸುವವರು ಅದನ್ನು ಕಟ್ಟಿದವರ ಹೆಸರನ್ನೂ ಊರನ್ನೂ ಜೊತೆಗೆ ಬರೆಯಿರಿ. ಅಪ್ಪಣೆ ಕೇಳುವ ಪತ್ರವನ್ನು ನಾವು ಬರೆಯುತ್ತೇವೆ. ಉತ್ತರ ಬರುವವರೆಗೆ ಆ ಹಾಡನ್ನು ಪುಸ್ತಕಕ್ಕೆ ಸೇರಿಸುವುದಿಲ್ಲ. ಅಷ್ಟರವರೆಗೆ ಭಾನುವಾರಗಳಲ್ಲಿ ಗಟ್ಟಿಯಾಗಿ ಹಾಡುತ್ತಿರಿ.