ದಣಿ ಸತ್ತ, ಪಾಪ ಮಾತ್ರ ಜೀತದವನ ತಲೆಗೆ

‘ಭ್ರಮಯುಗಂ’ ನೋಡಿ ಅಂತ ಎಲ್ಲರಿಗೂ ಹೇಳ್ತಿದ್ದೀನಿ. ನೋಡಿದ ಮೇಲೆ ಜಗಳ ಆಡೋಣ ಅಂತಲೂ ಹೇಳ್ತಿದ್ದೀನಿ. ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕತೆಯ ಗುಟ್ಟೆಲ್ಲ ಇದೆ.

ರಾಹುಲ್ ಸದಾಶಿವನ್ ನಿರ್ದೇಶನದ ಈ ಮಲಯಾಳಂ ಚಿತ್ರ ಬಂದದ್ದು 2024ರಲ್ಲಿ. ಪೂರ್ತಿ ಕಪ್ಪು-ಬಿಳುಪು. 17ನೇ ಶತಮಾನದ ಮಲಬಾರ್. ಜೀತದಿಂದ ತಪ್ಪಿಸಿಕೊಂಡು ಓಡುವ ತೇವನ್ ಎಂಬ ಪಾಣ ಜಾತಿಯ ಹಾಡುಗಾರ, ಕಾಡಿನ ನಡುವಿನ ಒಂದು ಪಾಳು ಮನೆ ಸೇರುತ್ತಾನೆ. ಅಲ್ಲಿನ ಯಜಮಾನ ಕೊಡುಮನ್ ಪೋಟ್ಟಿ. ಆ ಪಾತ್ರದಲ್ಲಿ ಮಮ್ಮುಟ್ಟಿ.

ಇದು ದೆವ್ವದ ಸಿನಿಮಾ. ಯಕ್ಷಿಯೂ ಇದ್ದಾಳೆ. ಆದರೆ ಮೈ ನಡುಗಿಸೋದು ಪೋಟ್ಟಿಯ ಆದರ. ಕೀಳುಜಾತಿ ಅಂತ ಹೊರಗಟ್ಟಲ್ಲ. ಒಳಗೆ ಕರೀತಾನೆ, ಅನ್ನ ಹಾಕಿಸ್ತಾನೆ, ಹಾಡು ಕೇಳ್ತಾನೆ. ಆಮೇಲೆ ಪಗಡೆ ಆಡೋಣ ಬಾ ಅಂತಾನೆ. ಏನೂ ಇಲ್ಲದವನು ಪಣಕ್ಕೆ ಏನಿಟ್ಟಾನು? ಆಯಸ್ಸು. ಸೋತ ಮೇಲೆ ಹೊಸ್ತಿಲು ದಾಟುವಂತಿಲ್ಲ. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿ ತಲೆಮಾರುಗಟ್ಟಲೆ ದುಡಿದವರ ಮೊಮ್ಮಕ್ಕಳಿಗೆ ಈ ಆಟ ಬಿಡಿಸಿ ಹೇಳಬೇಕಿಲ್ಲ.

ಅಡುಗೆಯವನ ಪಾತ್ರವೂ ಅಷ್ಟೇ ಗಟ್ಟಿ. ಮನೆಯಾಳಿನಲ್ಲಿ ಪೋಟ್ಟಿಗೆ ಹುಟ್ಟಿದ ಮಗ ಅವನು. ಬಿಡುಗಡೆ ಕೈಗೆ ಸಿಕ್ಕಿತು ಅನ್ನುವಾಗ ಅವನೂ ತೇವನ್ನೂ ಬಡಿದಾಡಿಕೊಳ್ಳುತ್ತಾರೆ. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ ಕಣ್ಣೆದುರೇ ನಡೆಯುತ್ತೆ.

ನನ್ನ ತಕರಾರು ಇರೋದು ಗುಟ್ಟು ಬಿಚ್ಚಿಕೊಳ್ಳುವ ಕಡೆ. ಅಸಲಿ ಪೋಟ್ಟಿ ಯಾವಾಗಲೋ ಸತ್ತಿದ್ದಾನೆ. ಅವನ ರೂಪದಲ್ಲಿ ಕೂತಿರೋದು ಚಾತ್ತನ್. ಆ ಮನೆಯವರೇ ಆಳಾಗಿ ಇಟ್ಟುಕೊಂಡು ಹಿಂಸೆ ಕೊಟ್ಟಿದ್ದ ಚಾತ್ತನ್. ಅಂದರೆ ಅಷ್ಟು ಹೊತ್ತು ದಣಿಯ ಮೇಲೆ ಬೆಳೆದ ನಮ್ಮ ಸಿಟ್ಟು ಕೊನೆಗೆ ದಣಿಯ ಗುಲಾಮನ ಮೇಲೆ ಹೋಗಿ ಬೀಳುತ್ತೆ! ಕೇರಳದಲ್ಲಿ ಕುಟ್ಟಿಚಾತ್ತನ್ ಅಂದರೆ ದೈವ, ತೆಯ್ಯಂ ಕಟ್ಟುತ್ತಾರೆ. ಐತಿಹ್ಯದಲ್ಲಿ ಅವನು ಬ್ರಾಹ್ಮಣ ಮನೆಗೆ ತಿರುಗಿಬಿದ್ದವನು, ತುಂಡು ತುಂಡು ಮಾಡಿದರೂ ಎದ್ದು ಬಂದವನು. ಬಿಡುಗಡೆಗೆ ಮುಂಚೆ ಒಂದು ಇಲ್ಲಂನವರು ಮನೆತನದ ಮರ್ಯಾದೆ ಹೋಗುತ್ತೆ ಅಂತ ಹೈಕೋರ್ಟಿಗೆ ಹೋದರು, ಯಜಮಾನನ ಹೆಸರು ಬದಲಾಯಿತು. ಚಾತ್ತನ್ ಪರವಾಗಿ ಯಾರು ಹೋಗಬೇಕಿತ್ತು?

ಇನ್ನು ಹೆಣ್ಣು ಅಂದರೆ ಇಲ್ಲಿ ಯಕ್ಷಿ, ಅಷ್ಟೇ. ಆ ಮಗನನ್ನು ಹೆತ್ತ ತಾಯಿ ಬರೀ ಮಾತಿನಲ್ಲಿ ಬಂದು ಹೋಗ್ತಾಳೆ.

ಕೊನೆಯಲ್ಲಿ ಚಾತ್ತನ್ ತೇವನ್‌ನ ಮೈ ಹೊಕ್ಕುತ್ತಾನೆ. ಅಧಿಕಾರ ಯಾರ ಕೈಗೆ ಹೋದರೂ ಅಷ್ಟೇ ಅನ್ನೋ ನೀತಿ. ಕೇಳಿದ ಹಾಗಿದೆ ಅಲ್ವಾ? ಪಂಚಾಯ್ತಿ ಅಧ್ಯಕ್ಷ ಸ್ಥಾನ ಮೀಸಲಾದಾಗ, ಬಡ್ತಿಯಲ್ಲಿ ಮೀಸಲಾತಿ ಕೇಳಿದಾಗ ನಮಗೆ ಹೇಳೋದೂ ಇದನ್ನೇ. ಶತಮಾನಗಟ್ಟಲೆ ಅವರೇ ಆ ಕುರ್ಚಿಯಲ್ಲಿ ಕೂತಿದ್ದಾಗ ಈ ತತ್ವ ಯಾರಿಗೂ ನೆನಪಾಗಲಿಲ್ಲ.

ಆದರೂ ನೋಡಿ. ಆ ಮನೆಯೊಳಗಿನ ಕತ್ತಲನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ಕಮ್ಮಿ. ಆ ಕತ್ತಲಿಗೆ ಯಾರು ಕಾರಣ ಅನ್ನೋದನ್ನ ಮಾತ್ರ ನಾವೇ ಹೇಳಬೇಕು.

ಜೈ ಭೀಮ್.